ಎಲೆತೋಟ ಉಳಿಯಲಿ, ಯಜಮಾನರೊಬ್ಬರ ತಲೆಯ ಮೇಲೆ ಹೊರೆ ಹಾಕಿ ಬೇಡ

ಭಾನುವಾರದ ಸಭೆ ಮುಗಿಸಿ ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಮೈಸೂರಿನ ನಮ್ಮ ಬೀದಿಗೆ ಅಂಟಿಕೊಂಡಿರುವ ವೀಳ್ಯದೆಲೆ ತೋಟದ ಭೂಬಳಕೆ ಬದಲಾಯಿಸಿ, ಸೈಟು ಮಾಡಿ ಮನೆ ಕಟ್ಟಲು ಅರ್ಜಿ ಬಿದ್ದಿದೆ. ಅವತ್ತು ಮಾತಾಡಲು ಎದ್ದವಳಿಗೆ ಅರ್ಧಕ್ಕೇ ಗಂಟಲು ಕಟ್ಟಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತೆ, ದಯವಿಟ್ಟು ಓದಿ.

ನಾನು ಅಗ್ರಹಾರದಲ್ಲಿ ಬೆಳೆದವಳು. ನಮ್ಮಜ್ಜಿ ಎಲೆ ಎಣಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ನೂರೆಲೆಗೆ ಒಂದು ಕಟ್ಟು. ಒದ್ದೆ ಗೋಣಿಚೀಲದ ಮೇಲೆ ರಾಶಿ, ಪಕ್ಕದಲ್ಲಿ ನೆನೆಸಿಟ್ಟ ಬಾಳೆನಾರು. ಅಜ್ಜಿ ಬಾಯಲ್ಲಿ ಲೆಕ್ಕ ಹೇಳುತ್ತಿರಲಿಲ್ಲ, ಕೈಗೇ ಗೊತ್ತಿರುತ್ತಿತ್ತು. ತೂತು ಬಿದ್ದದ್ದು, ಬಲಿತದ್ದು ಬೇರೆ, ಚಿಗುರೆಲೆ ಬೇರೆ. ಚಿಗುರೆಲೆಯನ್ನು ಮಡಿಚಿದರೆ ರೇಷ್ಮೆ ಮಡಿಚಿದ ಹಾಗೆ. ಬಾಯಿಗೆ ಹಾಕಿದರೆ ಖಾರ ನಾಲಗೆಗೆ ಹೊಡೆಯುವುದಿಲ್ಲ, ಹಾಗೇ ಕರಗುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ಎಲೆ ಕೊಳ್ಳುವ ಹಳಬರು ಮುಟ್ಟಿ ನೋಡಿಯೇ ಹೇಳಿಬಿಡುತ್ತಾರೆ, ಇದು ಮೈಸೂರೆಲೆ, ಇದು ಹೊರಗಿಂದು ಅಂತ.

ಆ ಎಲೆ ಬೆಳೆದದ್ದು ನಂಜನಗೂಡು ರಸ್ತೆಯ ಆಸುಪಾಸಿನಲ್ಲಿ, ಅಗ್ರಹಾರದಿಂದ ವಿದ್ಯಾರಣ್ಯಪುರಂ ಕಡೆಗೆ ಹಬ್ಬಿದ್ದ ತೋಟಗಳಲ್ಲಿ. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಇರುವಂತೆ ಮೈಸೂರು ವೀಳ್ಯದೆಲೆಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಜಿಐ ಅಂದರೆ ಹೆಸರನ್ನು ಮಣ್ಣಿಗೆ ಕಟ್ಟಿಹಾಕಿದ್ದು. ಬೇರೆಲ್ಲೋ ಬೆಳೆದು ಅದೇ ಹೆಸರಲ್ಲಿ ಮಾರುವ ಹಾಗಿಲ್ಲ. ಹೆಸರಿಗೆ ಇಷ್ಟು ಕಾವಲು ಕೊಟ್ಟ ನಾವು, ಆ ಮಣ್ಣಿನ ಮೇಲೆ ಕಾಂಕ್ರೀಟ್ ಸುರಿಯುವುದಕ್ಕೆ ಅಡ್ಡಿಯಿಲ್ಲ ಅನ್ನುತ್ತಿದ್ದೇವೆ. ನನಗೆ ಇದು ಅರ್ಥವಾಗುವುದಿಲ್ಲ.

"ಊರಾಚೆ ಬೇರೆ ಜಮೀನಲ್ಲಿ ಬೆಳೆದರಾಯ್ತು" ಅಂತ ಸಭೆಯಲ್ಲಿ ಒಬ್ಬರು ಅಂದರು. ಈರನಗೆರೆ ಬದನೆಕಾಯಿಯ ಉದಾಹರಣೆಯನ್ನೂ ಕೊಟ್ಟರು. ನಿಜ, ಆ ಬದನೆಗೆ ಹೆಸರು ಕೊಟ್ಟ ನಮ್ಮೂರಿನ ಈರನಗೆರೆಯಲ್ಲಿ ಇವತ್ತು ಬರೀ ಮನೆಗಳು, ಆದರೂ ಬದನೆ ಹಳ್ಳಿಗಳಲ್ಲಿ ಉಳಿದಿದೆ. ಆದರೆ ಬದನೆಗೆ ಬೀಜವಿದೆ, ಡಬ್ಬಿಯಲ್ಲಿ ಕಟ್ಟಿಟ್ಟು ಎಲ್ಲಿಗೆ ಬೇಕಾದರೂ ಒಯ್ಯಬಹುದು. ವೀಳ್ಯದ ಬಳ್ಳಿಯನ್ನು ತುಂಡು ನೆಟ್ಟೇ ಬೆಳೆಸಬೇಕು. ಇವತ್ತಿನ ಬಳ್ಳಿ ಹಿಂದಿನ ಬಳ್ಳಿಯದೇ ತುಂಡು, ಅದು ಅದರ ಹಿಂದಿನದರ ತುಂಡು. ಬಳ್ಳಿ ಹಬ್ಬುವ ಮೊದಲು ಅಗಸೆಯೋ ಹಾಲವಾಣವೋ ಬೆಳೆದು ನೆರಳು ಕೊಡಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ, ನೀರಿಲ್ಲದಿದ್ದರೆ ಎಲೆ ಒರಟಾಗುತ್ತದೆ. ಎತ್ತರಕ್ಕೆ ಹೋದ ಬಳ್ಳಿಯನ್ನು ಇಳಿಸಿ, ಸುರುಳಿ ಸುತ್ತಿ, ಬುಡಕ್ಕೆ ಮಣ್ಣು ಕೊಡಬೇಕು. ಇದಕ್ಕೆಲ್ಲ ಕೈ ಪಳಗಿದ ಜನ ಬೇಕು. ತೋಟ ಹೋದರೆ ಬಳ್ಳಿಯ ಜೊತೆ ಆ ಕೈಗಳೂ ಚದುರಿಹೋಗುತ್ತವೆ.

ಹಾಗಂತ ಮನೆ ಕೇಳುವವರನ್ನು ನಾನು ತಪ್ಪು ಅನ್ನಲಾರೆ. ನಾನೂ ಬಾಡಿಗೆ ಮನೆಯವಳೇ. ಆಟೋ ಓಡಿಸುವ ತಮ್ಮ ಒಬ್ಬ ಎದ್ದು, "ನೀವು ತೋಟ ನೋಡ್ಕೊಂಡು ಖುಷಿ ಪಡಿ ಅಕ್ಕ, ನಾನು ಇಬ್ರು ಮಕ್ಳನ್ನ ಕಟ್ಕೊಂಡು ಊರಾಚೆಗೆ ಹೋಗ್ಲಾ?" ಅಂದಾಗ ಯಾರೂ ಉಸಿರೆತ್ತಲಿಲ್ಲ. ಅವನ ಮಾತಿಗೆ ಉತ್ತರ ಕೊಡಲೇಬೇಕು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲೇ ನಗರಾಭಿವೃದ್ಧಿಗೆ ಅಂತ ಟ್ರಸ್ಟ್ ಬೋರ್ಡ್ ಮಾಡಿಕೊಂಡು, ಗಾಳಿ ಬೆಳಕಿನ ಹೊಸ ಬಡಾವಣೆ ಕಟ್ಟಿದ ಊರು ಇದು. ಇವತ್ತು ಬಡಾವಣೆ ಬಡಾವಣೆಗಳಲ್ಲಿ ಪಾರ್ಥೇನಿಯಂ ಬೆಳೆದು ಖಾಲಿ ಬಿದ್ದ ಸೈಟುಗಳನ್ನು ನೋಡಿ. ಅವೆಲ್ಲ ಬೆಲೆ ಏರಲಿ ಅಂತ ಕಾಯುತ್ತಿರುವವು. ಮೊದಲು ಅಲ್ಲಿ ಮನೆ ಏಳಲಿ. ಖಾಲಿ ಸೈಟಿಗೆ ಕೈ ಹಾಕಲು ಹೆದರಿ, ಬೆಳೆ ಇರುವ ತೋಟಕ್ಕೆ ಕೈ ಹಾಕುವುದು ಅನ್ಯಾಯ. ಇನ್ನೊಂದು ಮಾತನ್ನು ಆ ತಮ್ಮನಿಗೆ ಅವತ್ತೇ ಹೇಳಬೇಕಿತ್ತು: ಈ ತೋಟದಲ್ಲಿ ಸೈಟಾದರೆ ಅದರ ಬೆಲೆ ನನ್ನ ಕೈಗೂ ನಿನ್ನ ಕೈಗೂ ಎಟುಕುವುದಿಲ್ಲಪ್ಪ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ತೋಟದ ಯಜಮಾನರ ಮಾತು. ಎಪ್ಪತ್ತು ದಾಟಿದವರು. ಕೊನೆಯ ಸಾಲಿನಲ್ಲಿ ಕೂತಿದ್ದರು.

"ಉಳಿಸ್ಬೇಕು ಅಂತ ಎಲ್ರೂ ಅಂತೀರಿ. ಬಳ್ಳಿ ಇಳ್ಸೋಕೆ ಆಳು ಸಿಕ್ತಿಲ್ಲ. ಸುತ್ತ ಮನೆ ಎದ್ದು ಮೋರಿ ನೀರೆಲ್ಲ ನಮ್ ತೋಟಕ್ಕೇ ನುಗ್ತದೆ. ಮಕ್ಳು ಬೆಂಗ್ಳೂರಲ್ಲವ್ರೆ. ನಾನು ಯಾರಿಗೋಸ್ಕರ ಉಳಿಸ್ಲಿ, ನೀವೇ ಹೇಳಿ."

ಆ ಮೋರಿ ನೀರು ನಮ್ಮ ಮನೆಗಳದ್ದು. ತೋಟದ ಮಗ್ಗುಲಲ್ಲಿ ರಸ್ತೆ ಎತ್ತರಿಸಿಕೊಂಡು, ನಮ್ಮ ಕೊಳೆಯನ್ನು ಅವರ ಬಳ್ಳಿಯ ಬುಡಕ್ಕೆ ಬಿಟ್ಟವರು ನಾವು. ಈಗ "ಪರಂಪರೆ, ಪರಂಪರೆ" ಅಂತ ಅವರ ಮುಂದೆ ನಿಂತರೆ ಅವರು ಯಾಕೆ ಕೇಳಬೇಕು? ಪರಂಪರೆ ಊರಿನದ್ದಾದರೆ ಖರ್ಚೂ ಊರಿನದ್ದೇ ಆಗಬೇಕು. ರಸ್ತೆ ಅಗಲ ಮಾಡಲು ಜಾಗ ಬಿಟ್ಟುಕೊಟ್ಟವರಿಗೆ ಟಿಡಿಆರ್, ಅಂದರೆ ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳಲು ಇಲ್ಲವೇ ಮಾರಿಕೊಳ್ಳಲು ಬರುವ ಕಟ್ಟಡದ ಹಕ್ಕು, ಕೊಡುವ ದಾರಿ ಕಾನೂನಿನಲ್ಲಿದೆ. ಎಲೆತೋಟವನ್ನು ತೋಟವಾಗಿಯೇ ಉಳಿಸಿಕೊಳ್ಳುವವರಿಗೂ ಅಂಥದ್ದೊಂದು ಯಾಕೆ ಬೇಡ? ವರ್ಷ ವರ್ಷ ಇಂತಿಷ್ಟು ಸಹಾಯಧನ, ಮೋರಿಗೆ ಬೇರೆ ದಾರಿ, ತೋಟಗಾರಿಕೆ ಇಲಾಖೆಯಿಂದ ಕೆಲಸ ಕಲಿಸಿ ಕಳಿಸಿದ ಆಳು. ಅಸಾಧ್ಯವಾದದ್ದೇನೂ ಕೇಳುತ್ತಿಲ್ಲ.

ಮಾಸ್ಟರ್ ಪ್ಲಾನ್‌ನಲ್ಲಿ ಇರುವ ಭೂಬಳಕೆ ಬದಲಿಸಬೇಕಾದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನ ಪ್ರಕಾರ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಆ ಅವಧಿ ಇನ್ನೂ ಮುಗಿದಿಲ್ಲ. ನಾನು ಎರಡು ಹಾಳೆ ಬರೆದಿದ್ದೇನೆ. ಮೊದಲನೆಯದರಲ್ಲಿ ಭೂಬಳಕೆ ಬದಲಾವಣೆಗೆ ಆಕ್ಷೇಪ. ಎರಡನೆಯದರಲ್ಲಿ ಯಜಮಾನರಿಗೆ ಏನೇನು ಕೊಡಬೇಕು, ನಮ್ಮ ಬೀದಿಯ ಮೋರಿ ಎತ್ತ ತಿರುಗಬೇಕು ಅನ್ನುವುದು. ನಿನ್ನೆ ಸಂಜೆ ಅವರ ಮನೆಗೆ ಹೋಗಿ ಎರಡನ್ನೂ ಓದಿ ಹೇಳಿದೆ. ಮೊದಲನೆಯದಕ್ಕೆ ಏನೂ ಅನ್ನಲಿಲ್ಲ. ಎರಡನೆಯದನ್ನು ಇಸ್ಕೊಂಡು ಇನ್ನೊಂದು ಸಲ ತಾವೇ ಓದಿದರು.

ಸಹಿ ಹಾಕುವವರು ಸಂಜೆ ಆರರ ಮೇಲೆ ನಮ್ಮ ಮನೆಗೆ ಬನ್ನಿ. ಎರಡನೇ ಹಾಳೆಗೆ ಸಹಿ ಹಾಕಲು ಒಪ್ಪದವರ ಸಹಿ ಮೊದಲನೆಯದಕ್ಕೂ ಬೇಡ.