ಆಡದೆ ದಣಿಯುವ ಕಂಟ್ರೋಲರ್

"ರಾತ್ರಿ ಪೂರಾ ಚಾರ್ಜಿಗೆ ಹಚ್ಚಿದ್ದೆ. ಈಗ ನೋಡಿದ್ರ ಒಂದ ಕಡ್ಡಿ ಐತಿ!" ಟಿವಿಯಲ್ಲಿ ವಿಡಿಯೊ ಗೇಮ್ ಆಡಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಬರಿದಾದಾಗ, ವಿಜಯಪುರದ ಯಾವ ಓಣಿಯಲ್ಲಾದರೂ ರವಿವಾರ ಮುಂಜಾನೆ ಕೇಳಬಹುದಾದ ಗೋಳು ಇದು. ಅಡಿಗೆಮನೆಯಿಂದ ಅವ್ವನ ತೀರ್ಪು ತಡವಿಲ್ಲದೆ ಬರುತ್ತದೆ: "ಹಗಲೂ ರಾತ್ರಿ ಆಡಿದ್ರ ಇನ್ನೇನ ಉಳೀತದ?" ತೀರ್ಪು ಚುರುಕು, ಆರೋಪಿ ಮಾತ್ರ ತಪ್ಪು. ಆಟ ತಿಂದ ಚಾರ್ಜಿಗೆ ಲೆಕ್ಕ ಸಿಗುತ್ತದೆ. ಲೆಕ್ಕಕ್ಕೆ ಸಿಗದೆ ಸೋರುವುದು ಯಾರೂ ಆಡದ ಹೊತ್ತಿನಲ್ಲಿ.

ಆಟದ ಲೆಕ್ಕ ಮೊದಲು ಮುಗಿಸೋಣ. ಪ್ಲೇಸ್ಟೇಷನ್ 4 (ಪಿಎಸ್4) ಎಂಬ ಗೇಮ್ ಯಂತ್ರದ, ಅಂದರೆ ಕನ್ಸೋಲಿನ, ಕಂಟ್ರೋಲರ್ ಡ್ಯುಯಲ್‌ಶಾಕ್. ಅದರ ಹೊಟ್ಟೆಯಲ್ಲಿರುವುದು 1000 ಎಂಎಎಚ್ ಲಿಥಿಯಂ ಬ್ಯಾಟರಿ; ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. ಹೊಸದಿದ್ದಾಗ ನಾಲ್ಕರಿಂದ ಎಂಟು ಗಂಟೆ ಬಾಳುತ್ತದೆ. ಎಂಟೇ ಎಂದು ಹಿಡಿದರೂ ಗಂಟೆಗೆ 125 ಎಂಎಎಚ್ ಖರ್ಚು. ನಿಂಟೆಂಡೊ ಸ್ವಿಚ್‌ನ ಪ್ರೊ ಕಂಟ್ರೋಲರಿನಲ್ಲಿ 1300 ಇದೆ, ಅದು 40 ಗಂಟೆಯ ಆಸುಪಾಸು ಬರುತ್ತದೆ. ಗಂಟೆಗೆ 33 ಕೂಡ ಆಗುವುದಿಲ್ಲ. ಹೆಬ್ಬೆರಳಿಗೆ ಎರಡೂ ಮಾಡಿಕೊಡುವ ಕೆಲಸ ಒಂದೇ. ಆದರೆ ಡ್ಯುಯಲ್‌ಶಾಕ್ ಕಾರಹುಣ್ಣಿಮೆಯ ಎತ್ತಿನ ಹಾಗೆ ಸಿಂಗಾರಗೊಂಡು ಬಂದಿದೆ: ಹಣೆಗೆ ಲೈಟ್ ಬಾರ್, ಎದೆಗೆ ಟಚ್‌ಪ್ಯಾಡ್, ಒಳಗೆ ಸ್ಪೀಕರ್. ಆಡುವವನ ಕಣ್ಣು ಟಿವಿಯ ಮೇಲಿರುತ್ತದೆ. ಆ ಲೈಟ್ ಬಾರನ್ನು ನೋಡುವುದು ಎದುರಿನ ಗೋಡೆ. ಪಿಎಸ್4ರಲ್ಲಿ ಅದನ್ನು ಪೂರ್ತಿ ಆರಿಸಲು ಬರುವುದಿಲ್ಲ, ಮಂದ ಮಾಡಬಹುದು. ಸೆಟ್ಟಿಂಗ್ಸ್‌ನ ಡಿವೈಸಸ್ ಒಳಗೆ ಕಂಟ್ರೋಲರ್ಸ್ ತೆರೆದು ಬ್ರೈಟ್‌ನೆಸ್ಸನ್ನು 'ಡಿಮ್'ಗೆ ಇಳಿಸಿದರೆ ಆಯಿತು.

ನಡುಕದ್ದು ಇನ್ನೊಂದು ಖರ್ಚು. ಎರಡು ಹಿಡಿಕೆಗಳಲ್ಲೂ ಒಂದೊಂದು ಸಣ್ಣ ಮೋಟಾರು, ಅದರ ತುದಿಗೆ ಓರೆಯಾಗಿ ಕೂರಿಸಿದ ಭಾರ. ತಿರುಗಿದರೆ ಕೈ ಜುಮ್ಮೆನ್ನುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲಿ ಕರೆಂಟು ಹೆಚ್ಚು ಎಳೆಯುವುದರಿಂದ ಬ್ಯಾಟರಿಯ ವೋಲ್ಟೇಜು ಸ್ವಲ್ಪ ಕುಸಿಯುತ್ತದೆ. ಬಾಂಬು ಸಿಡಿದಾಗ ಒಂದು ಕಡ್ಡಿ ಇಳಿದು, ಶಾಂತವಾದ ಮೇಲೆ ಮತ್ತೆ ಏರಿದರೆ ಭೂತಚೇಷ್ಟೆ ಎಂದುಕೊಳ್ಳಬೇಕಿಲ್ಲ. ಪಿಎಸ್5ರ ಡ್ಯುಯಲ್‌ಸೆನ್ಸ್‌ನಲ್ಲಿ ಬ್ಯಾಟರಿ 1560ಕ್ಕೇರಿದೆ, ಜೊತೆಗೆ ಟ್ರಿಗರಿಗೆ, ಅಂದರೆ ತೋರುಬೆರಳಿನ ಗುಂಡಿಗೆ, ಬೆರಳಿಗೆ ಎದುರು ಒತ್ತುವ ಮೋಟಾರುಗಳೂ ಬಂದಿವೆ. ಸಂಬಳ ಏರಿದಷ್ಟೇ ಖರ್ಚೂ ಏರಿತು ಅನ್ನಿ. ಆಕ್ಸೆಸರೀಸ್ ಒಳಗಿನ ಕಂಟ್ರೋಲರ್ಸ್‌ನಲ್ಲಿ ವೈಬ್ರೇಷನ್, ಟ್ರಿಗರ್ ಎರಡನ್ನೂ 'ವೀಕ್' ಮಾಡಬಹುದು. ಪೂರ್ತಿ ಬಂದ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಉಪ್ಪಿಲ್ಲದ ಪುಂಡಿಪಲ್ಯೆ ಯಾರಿಗೆ ಬೇಕು?

ಇನ್ನು ಆಡದ ಹೊತ್ತಿನ ಸೋರಿಕೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಯಾರೂ ಮುಟ್ಟದಿದ್ದರೆ 15 ನಿಮಿಷಕ್ಕೆ ತಾನೇ ಮಲಗುತ್ತದೆ. ಪಿಎಸ್5ಕ್ಕೆ ನಾವು ಹೇಳಿಕೊಡಬೇಕು: ಸಿಸ್ಟಮ್ ಒಳಗೆ ಪವರ್ ಸೇವಿಂಗ್, ಅಲ್ಲಿ ಕಂಟ್ರೋಲರ್ ಆಫ್ ಆಗುವ ಸಮಯಕ್ಕೆ 10 ನಿಮಿಷ. ತಂಟೆ ಜಾಸ್ತಿ ಕಂಪ್ಯೂಟರಿನ ಜೊತೆ. ಬ್ಲೂಟೂತಿನಲ್ಲಿ ಜೋಡಿಸಿದ ಡ್ಯುಯಲ್‌ಶಾಕ್, ಗೇಮ್ ಮುಚ್ಚಿದರೂ ವಿಂಡೋಸ್ ಜೊತೆ ಹರಟೆ ನಿಲ್ಲಿಸುವುದಿಲ್ಲ. ಎದ್ದು ಹೋಗುವ ಮುಂಚೆ ಪಿಎಸ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ದೀಪ ಆರಿದ್ದನ್ನು ನೋಡಿಕೊಳ್ಳಬೇಕು. ಎಕ್ಸ್‌ಬಾಕ್ಸ್‌ದಕ್ಕೆ ಆರು ಸೆಕೆಂಡು ಸಾಕು.

ಮಲಗಿಸುವ ಸಮಯ ಇಟ್ಟರೂ ಮಲಗದ ಕಂಟ್ರೋಲರುಗಳಿವೆ. ತಪ್ಪು ಅನಲಾಗ್ ಸ್ಟಿಕ್ಕಿನದು, ಅಂದರೆ ಹೆಬ್ಬೆರಳಿನಿಂದ ಅತ್ತಿತ್ತ ವಾಲಿಸುವ ಗುಬ್ಬಿಯದು. ಅದರ ಕೆಳಗೆ ಪುಟ್ಟ ರೆಸಿಸ್ಟರ್ ಪಟ್ಟಿ, ಮೇಲೆ ಜಾರುವ ಲೋಹದ ನಾಲಗೆ. ಪಟ್ಟಿ ಸವೆದರೆ, ಇಲ್ಲವೇ ನಡುವೆ ಧೂಳು ಹೊಕ್ಕರೆ, ಯಾರೂ ಮುಟ್ಟದಿದ್ದರೂ ಸ್ಟಿಕ್ ಕೂದಲೆಳೆಯಷ್ಟು ವಾಲಿದೆ ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಈ ಮೂಲೆಯ ಉಸಿರು ಆ ಮೂಲೆಯಲ್ಲಿ ಮಾತಾಗಿ ಕೇಳುತ್ತದೆ. 'ಇನ್ನೂ ಆಡುತ್ತಿದ್ದಾರೆ' ಎಂದು ಕಂಪ್ಯೂಟರ್ ನಂಬುತ್ತದೆ, ನಿದ್ದೆಯ ಗಡಿಯಾರ ಪ್ರತಿಸಲ ಸೊನ್ನೆಯಿಂದ ಶುರುವಾಗುತ್ತದೆ. ಶೇಂಗಾ ಹಿಂಡಿಯ ಎಣ್ಣೆಗೈಲಿ ಆಡಿ ಅಂಟಂಟಾದ ಗುಂಡಿ, ಹಾಸಿಗೆಯ ಮಡಿಕೆಯಲ್ಲಿ ಅದುಮಿಕೊಂಡ ಟ್ರಿಗರ್ ಮಾಡುವುದೂ ಇದನ್ನೇ.

ಕಳ್ಳ ಯಾರೆಂದು ಹಿಡಿಯಲು ಎರಡು ರಾತ್ರಿ ಸಾಕು. ಮೊದಲ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಗುಂಡಿ ಒತ್ತಿ ಹಿಡಿದು ಆರಿಸಿ, ಮಾಡದಲ್ಲಿ ಇಟ್ಟುಬಿಡಿ. ಎರಡನೆಯ ರಾತ್ರಿ ಎಂದಿನ ಹಾಗೆ ಆಟ ಮುಚ್ಚಿ ಬಿಟ್ಟುಬಿಡಿ. ಮೊದಲ ರಾತ್ರಿಯೇ ಕಡ್ಡಿ ಇಳಿದಿದ್ದರೆ ಬ್ಯಾಟರಿ ಮುದುಕಾಗಿದೆ ಅಥವಾ ಬೋರ್ಡಿನಲ್ಲಿ ಸೋರಿಕೆ ಇದೆ. ಎರಡನೆಯ ರಾತ್ರಿ ಮಾತ್ರ ಇಳಿದರೆ ಬ್ಯಾಟರಿ ನಿರಪರಾಧಿ, ಅದು ನಿದ್ದೆಗೆಟ್ಟಿದೆ ಅಷ್ಟೇ.

ಚಾರ್ಜೇ ಆಗದೆ 'ಇಳಿಯಿತು' ಎನಿಸಿಕೊಳ್ಳುವುದೂ ಉಂಟು. ಕಂಟ್ರೋಲರನ್ನು ಕನ್ಸೋಲಿಗೇ ಸಿಕ್ಕಿಸಿ ಮಲಗುವವರು ಕೇಳಿ. ರೆಸ್ಟ್ ಮೋಡಿನಲ್ಲಿ, ಅಂದರೆ ಕನ್ಸೋಲ್ ಅರೆನಿದ್ದೆಯಲ್ಲಿದ್ದಾಗ, ಯುಎಸ್‌ಬಿ ಕಿಂಡಿಗೆ ಕರೆಂಟು ಕೊಡುವ ಸೆಟ್ಟಿಂಗ್ ಆಫ್ ಆಗಿದ್ದರೆ ವೈರು ಬರೀ ಅಲಂಕಾರ. ಆನ್ ಇದ್ದರೂ ನಮ್ಮ ಕಡೆ ಇನ್ನೊಂದು ವಿಘ್ನ: ನಡುರಾತ್ರಿ ಲೈಟ್ ಹೋದರೆ ಕನ್ಸೋಲ್ ಪೂರ್ತಿ ಆರುತ್ತದೆ, ಲೈಟ್ ಬಂದ ಮೇಲೆ ತಾನಾಗಿ ಏಳುವುದಿಲ್ಲ. ಗೋಡೆಯ ಪ್ಲಗ್ಗಿಗೆ ಹಚ್ಚಿದ ಮೊಬೈಲ್ ಚಾರ್ಜರ್ ಆದರೆ ಕರೆಂಟು ಬಂದ ಕೂಡಲೇ ಕೆಲಸ ಮುಂದುವರಿಸುತ್ತದೆ. ಸಾದಾ 5 ವೋಲ್ಟಿನದೇ ಸಾಕು. ಎಷ್ಟು ಕರೆಂಟು ಎಳೆಯಬೇಕೆಂದು ಕಂಟ್ರೋಲರ್ ಒಳಗಿನ ಚಿಪ್ ನಿರ್ಧರಿಸುವುದರಿಂದ, 60 ವ್ಯಾಟಿನ ಫಾಸ್ಟ್ ಚಾರ್ಜರ್ ತಂದರೂ ಅದು ಗುಟುಕಿಗಿಂತ ಹೆಚ್ಚು ಕುಡಿಯುವುದಿಲ್ಲ. ಹಚ್ಚಿದ ಮೇಲೆ ಕಿತ್ತಳೆ ದೀಪ ನಿಧಾನವಾಗಿ ಉಸಿರಾಡಬೇಕು. ಉಸಿರಿಲ್ಲದಿದ್ದರೆ ವೈರು ಬದಲಿಸಿ ನೋಡಿ, ಕಿಂಡಿಯಲ್ಲಿ ಸೇರಿದ ಹತ್ತಿಕಸವನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ. ಪಿನ್ನು, ಸೂಜಿ ಬೇಡ.

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಆರ್‌ಸಿಸಿಯ ಕೆಳಗಿನ ಮೇಲ್ಮಹಡಿ ಕೋಣೆಯಲ್ಲಿ, ಬಿಸಿಗಾಳಿ ಊದುವ ಕನ್ಸೋಲಿನ ಹಿಂದೆ, ತುಂಬಿದ ಬ್ಯಾಟರಿಯನ್ನು ಇನ್ನೂ ಚಾರ್ಜಿಗೆ ಬಿಡುವುದೆಂದರೆ ಅದರ ಆಯುಷ್ಯಕ್ಕೆ ಕೈಯಾರೆ ಕತ್ತರಿ. ಲಿಥಿಯಂಗೆ ಎರಡು ಸೇರುವುದಿಲ್ಲ: ಸೆಕೆಯಲ್ಲಿ ಹೊಟ್ಟೆ ಬಿರಿಯೆ ತುಂಬಿರುವುದು, ತಿಂಗಳುಗಟ್ಟಲೆ ಬರಿಹೊಟ್ಟೆಯಲ್ಲಿರುವುದು. ಪರೀಕ್ಷೆಯ ಹೊತ್ತಿಗೆ ಅಪ್ಪ ಟ್ರಂಕಿನಲ್ಲಿ ಬಚ್ಚಿಡುವುದಾದರೆ ಅರ್ಧ ಚಾರ್ಜ್ ಮಾಡಿಯೇ ಬಚ್ಚಿಡಲಿ. ಖಾಲಿ ಇಟ್ಟರೆ ವೋಲ್ಟೇಜು ತೀರಾ ತಳಕ್ಕಿಳಿದು, ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಕೊಳ್ಳುತ್ತದೆ.

ಮುದಿ ಬ್ಯಾಟರಿ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಡ್ಯುಯಲ್‌ಶಾಕ್ 4ರ ಬೆನ್ನಿಗೆ ನಾಲ್ಕೇ ಸ್ಕ್ರೂ, ಪ್ಲಸ್ ಗುರುತಿನವು. ಬಿಚ್ಚಿದ ಮೇಲೆ ಎರಡು ಹೋಳನ್ನು ಜೋರಾಗಿ ಎಳೆಯಬಾರದು. ನಡುವೆ ತೆಳ್ಳನೆಯ ರಿಬ್ಬನ್ ಕೇಬಲ್ ಇದೆ. ಹಳೆಯ ಮಾದರಿಯ ಬ್ಯಾಟರಿ ಪ್ಲಗ್ಗು ದೊಡ್ಡದು, ನಂತರದ ಮಾದರಿಯದು ಸಣ್ಣದು, ಒಂದಕ್ಕೊಂದು ಕೂರುವುದಿಲ್ಲ. ಆದ್ದರಿಂದ ತರುವ ಮುಂಚೆ ಕಂಟ್ರೋಲರಿನ ಬೆನ್ನಿನ ಚೀಟಿಯಲ್ಲಿ ಝಡ್‌ಸಿಟಿ1 ಅಥವಾ ಝಡ್‌ಸಿಟಿ2 ಎಂಬುದನ್ನು ಓದಿಕೊಳ್ಳಿ. ಅದೇ ಅಳತೆಯ ಡಬ್ಬಿಯ ಮೇಲೆ 3000 ಎಂಎಎಚ್ ಎಂದು ಅಚ್ಚಾಗಿದ್ದರೆ ನಕ್ಕು ಮುಂದೆ ಹೋಗಿ. ಸೇರು ಹಿಡಿಯುವ ಪಾತ್ರೆಯಲ್ಲಿ ಮೂರು ಸೇರು ಜೋಳ ಕೂರುವುದಿಲ್ಲ. ಹಳೆಯದು ಹಪ್ಪಳದ ಹಾಗೆ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಮನೆಯ ಕಸದಲ್ಲಿ ಎಸೆಯಬೇಡಿ; ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಎಕ್ಸ್‌ಬಾಕ್ಸಿನವರ ಪಾಡು ಬೇರೆ. ಅವರಿಗೆ ಎರಡು ಎಎ ಶೆಲ್ಲು. ತುರ್ತಿಗೆ ಟಿವಿ ರಿಮೋಟಿನ ಅಥವಾ ಗೋಡೆ ಗಡಿಯಾರದ ಅಗ್ಗದ ಝಿಂಕ್ ಶೆಲ್ಲು ಕಿತ್ತು ಹಾಕಿದರೆ, ಮೊದಲ ನಡುಕಕ್ಕೇ ಕಂಟ್ರೋಲರ್ ಕಣ್ಣು ಮುಚ್ಚುತ್ತದೆ. ಅದರ ಒಳಗಿನ ತಡೆ ಹೆಚ್ಚು, ಒಮ್ಮೆಲೇ ಕರೆಂಟು ಕೊಡಲಾರದು. ಬಿಸಿಲಿಗೆ ಇಟ್ಟರೆ ಒಂದಿಷ್ಟು ಜೀವ ಬರುವುದು ಸುಳ್ಳಲ್ಲ, ಬಿಸಿಗೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಆದರೆ ಆ ಜೀವ ಒಂದು ಪಂದ್ಯಕ್ಕೂ ಸಾಲದು. ಹೊಸದೊಂದು, ಹಳೆಯದೊಂದು ಕೂಡಿಸಿ ಹಾಕುವ ಜಾಣತನವಂತೂ ಬೇಡವೇ ಬೇಡ. ಮೊದಲು ಬರಿದಾದ ಶೆಲ್ಲಿನ ಮೂಲಕವೂ ಇನ್ನೊಂದು ಕರೆಂಟು ಹರಿಸುತ್ತಲೇ ಇರುವುದರಿಂದ ಅದು ಸೋರಬಹುದು. ಉತ್ತಮವೆಂದರೆ ರೀಚಾರ್ಜ್ ಆಗುವ ನಿಕಲ್ ಶೆಲ್ಲು, 2000 ಎಂಎಎಚ್‌ನ ನಾಲ್ಕು: ಎರಡು ಒಳಗೆ, ಎರಡು ಚಾರ್ಜರಿನಲ್ಲಿ. ಅದರ ವೋಲ್ಟೇಜು 1.5 ಅಲ್ಲ, 1.2. ಹೀಗಾಗಿ ತುಂಬಿದ್ದರೂ ಪರದೆ ಕಡಿಮೆ ತೋರಿಸಬಹುದು, ಗಾಬರಿ ಬೇಡ.

ಕಂಟ್ರೋಲರ್ ಒಲ್ಲೆ ಎಂದ ಅಲ್ಕಲೈನ್ ಶೆಲ್ಲನ್ನು ಮಾತ್ರ ಎಸೆಯಬೇಡಿ. ಗಡಿಯಾರಕ್ಕೆ ಬೇಕಾದದ್ದು ಹನಿ ಕರೆಂಟು. ಅದೇ ಶೆಲ್ಲು ಅಲ್ಲಿ ಇನ್ನೂ ತಿಂಗಳುಗಟ್ಟಲೆ ನಡೆಯುತ್ತದೆ. ಇಷ್ಟು ಮಾಡಿದರೆ, ಅಡಿಗೆಮನೆಯ ಗಡಿಯಾರ ನಿನ್ನೆಯಿಂದ ಏಳೂಕಾಲಕ್ಕೇ ಯಾಕೆ ನಿಂತಿದೆ ಎಂದು ಅವ್ವ ಕೇಳುವ ಮುಂಚೆಯೇ ಮುಳ್ಳು ಓಡತೊಡಗಿರುತ್ತದೆ.