ತಿಮಿಂಗಿಲಕ್ಕೂ ಒಂದು ಎಲೆ ಹಾಕಿ

ಅಲಾಸ್ಕಾದ ಸಿಟ್ಕಾ ಊರಿನ ಮೀನುಗಾರರಿಗೆ ಕಳ್ಳರ ಕಾಟ. ಒಬ್ಬೊಬ್ಬ ಕಳ್ಳನೂ ಸುಮಾರು 50 ಅಡಿ ಉದ್ದ. ಹೆಸರು ಸ್ಪರ್ಮ್ ತಿಮಿಂಗಿಲ. ಕದಿಯೋ ಮಾಲು ಬ್ಲ್ಯಾಕ್ ಕಾಡ್ ಅನ್ನೋ ಮೀನು, ಬಾಯಲ್ಲಿಟ್ಟರೆ ಬೆಣ್ಣೆ. ಜಪಾನಿನವರು ಒಳ್ಳೆ ದುಡ್ಡು ಕೊಟ್ಟು ಕೊಳ್ಳುತ್ತಾರೆ. ತಿಮಿಂಗಿಲ ದುಡ್ಡು ಕೊಡುವುದಿಲ್ಲ. ತಕರಾರು ಅಷ್ಟೇ.

ಈ ಮೀನು ಹಿಡಿಯೋಕೆ ಉದ್ದನೆಯ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ತಳಕ್ಕೆ ಇಳಿಬಿಡುತ್ತಾರೆ. ಕೆಲವು ಗಂಟೆ ಬಿಟ್ಟು ಎಳೆಯುತ್ತಾರೆ. ಎಳೆಯುವಾಗ ಬೋಟು ಹಗ್ಗದ ಮೇಲೇ ಇರಬೇಕು. ಅದಕ್ಕೆ ಗೇರ್ ಹಾಕು, ತೆಗಿ, ಮತ್ತೆ ಹಾಕು, ತೆಗಿ. ಆ ಸದ್ದು ನೀರೊಳಗೆ ಮೈಲಿಗಟ್ಟಲೆ ಹೋಗುತ್ತದೆ. ತಿಮಿಂಗಿಲದ ಕಿವಿಗೆ ಅದು ಛತ್ರದಲ್ಲಿ 'ಊಟಕ್ಕೆ ಏಳಿ' ಅಂತ ಕೂಗಿದ ಹಾಗೆ. ಕೂಗಿದವರು ನಾವು. ಬಂದು ಕೂತವನು ಕಳ್ಳ!

2006ರಲ್ಲಿ ಸಂಶೋಧಕರು ಹಗ್ಗದ ಜೊತೆ ಕ್ಯಾಮೆರಾ ಇಳಿಬಿಟ್ಟರು. ತಿಮಿಂಗಿಲ ಮೀನಿಗೆ ಬಾಯಿ ಹಾಕಲಿಲ್ಲ. ದವಡೆಯಲ್ಲಿ ಹಗ್ಗವನ್ನು ಮೆಲ್ಲಗೆ ಹಿಡಿದು ಸೆಳೆಯಿತು. ಹಗ್ಗ ಅದುರಿತು, ಮೀನು ಕಳಚಿಕೊಂಡಿತು. ನೇರಳೆ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸಿಕೊಳ್ಳುವ ಹುಡುಗರು ಗೊತ್ತಲ್ವಾ? ಅದೇ ಕಸುಬು.

ಇಷ್ಟು ಪಳಗಲು ಅದಕ್ಕೆ ಪುರುಸೊತ್ತು ಕೊಟ್ಟಿದ್ದು ಸರ್ಕಾರ. ಮುಂಚೆ ಸೀಸನ್ ಅಂದರೆ ತೀರಾ ಚಿಕ್ಕದು. ಬಿರುಗಾಳಿ ಇರಲಿ, ಏನೇ ಇರಲಿ, ಎಲ್ಲ ಬೋಟೂ ಒಟ್ಟಿಗೇ ನುಗ್ಗಬೇಕು. 1995ರಲ್ಲಿ ಒಬ್ಬೊಬ್ಬರಿಗೂ ಇಂತಿಷ್ಟು ಅಂತ ಪಾಲು ಹಂಚಿ, ಸುಮಾರು 8 ತಿಂಗಳಲ್ಲಿ ಯಾವಾಗ ಬೇಕಾದರೂ ಹಿಡಿಯಿರಿ ಅಂದರು. ಒಳ್ಳೆ ಕಾನೂನೇ, ಇಲ್ಲ ಅನ್ನಲ್ಲ. ಆದರೆ ವರ್ಷಕ್ಕೊಂದು ಜಾತ್ರೆ ಇದ್ದಲ್ಲಿ 8 ತಿಂಗಳ ದಾಸೋಹ ಶುರುವಾಯಿತು. ದಾಸೋಹ ನಡೆಯೋ ಮಠದ ದಾರಿ ಯಾರಿಗೆ ಗೊತ್ತಾಗಲ್ಲ ಹೇಳಿ.

ಆಮೇಲೆ ಉಪಾಯಗಳು. ಮೀನುಗಾರರು, ವಿಜ್ಞಾನಿಗಳು, ಅಧಿಕಾರಿಗಳು ಸೇರಿ 2003ರಲ್ಲಿ ಒಂದು ಯೋಜನೆಯನ್ನೇ ಕಟ್ಟಿದರು. ಪ್ರತಿಧ್ವನಿ ಕೇಳಿ ಬೇಟೆಯಾಡುವ ಪ್ರಾಣಿಗೆ ಗಲಿಬಿಲಿ ಆಗಲಿ ಅಂತ ಹಗ್ಗಕ್ಕೆ ಮಣಿ ಪೋಣಿಸಿದರು. ತಿಮಿಂಗಿಲ ಮಣಿ ನೋಡಿ ಮರುಳಾಗಲಿಲ್ಲ. ದೂರದಲ್ಲಿ ಸ್ಪೀಕರ್ ತೇಲಿಬಿಟ್ಟು ಹಗ್ಗ ಎಳೆಯೋ ಸದ್ದು ಹಾಕಿದರು. ಅಂದರೆ ಊಟ ಒಂದು ಕಡೆ, 'ಊಟಕ್ಕೆ ಏಳಿ' ಇನ್ನೊಂದು ಕಡೆ. ನಮ್ಮಲ್ಲಿ ಹೀಗೆ ಮಾಡಿದ್ದರೆ ಬೀಗರು ಮದುವೆಯನ್ನೇ ಮುರಿದುಕೊಂಡು ಹೋಗುತ್ತಿದ್ದರು. ಕೊನೆಗೆ 2017ರಿಂದ ಗಾಳದ ಬದಲು ಬೋನಿನಲ್ಲಿ ಮೀನು ಹಿಡಿಯೋಕೂ ಅಪ್ಪಣೆ ಸಿಕ್ಕಿತು. ಮೀನು ಬೋನಿನೊಳಗಿದ್ದರೆ ಉದುರಿಸೋದು ಕಷ್ಟ.

ನನಗೆ ಜಾಸ್ತಿ ನಗು ಬಂದಿದ್ದು ಕಚೇರಿಯ ಲೆಕ್ಕ ನೋಡಿ. ವರ್ಷಕ್ಕೆ ಎಷ್ಟು ಮೀನು ಹಿಡಿಯಬಹುದು ಅಂತ ನಿಗದಿ ಮಾಡುವಾಗ ಈಗ ತಿಮಿಂಗಿಲಗಳು ತಿಂದಿರಬಹುದಾದ ಪಾಲನ್ನೂ ಅಂದಾಜು ಮಾಡಿ ಕಳೆಯುತ್ತಾರೆ. ಅರ್ಜಿ ಇಲ್ಲ, ಫೋಟೋ ಇಲ್ಲ, ಯಾರ ಕೈಯನ್ನೂ ಬಿಸಿ ಮಾಡಿಲ್ಲ. ಸರ್ಕಾರಿ ಕಡತದಲ್ಲಿ ಕಳ್ಳನಿಗೆ ಒಂದು ಕಾಲಂ!

ಹಿಂದೊಂದು ಕಾಲದಲ್ಲಿ ಇದೇ ತಿಮಿಂಗಿಲವನ್ನು ಕೊಂದು ಎಣ್ಣೆ ತೆಗೆದು ಮನೆಮನೆಗೆ ದೀಪ ಹಚ್ಚಿದವರು ನಾವು. ಆ ಲೆಕ್ಕಕ್ಕೆ ಕಾಲಂ ಇನ್ನೂ ಬಂದಿಲ್ಲ.

ಅಂದಹಾಗೆ, ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದ ಕಡೆ ಇದೇ ಕೆಲಸ ಓರ್ಕಾ ಅನ್ನೋ ಕಪ್ಪು-ಬಿಳುಪು 'ಕೊಲೆಗಾರ ತಿಮಿಂಗಿಲ'ಗಳದ್ದು. ಹಗ್ಗ ಮೇಲೆ ಬಂದಾಗ ಗಾಳದಲ್ಲಿ ಎಷ್ಟೋ ಸಲ ಮೀನಿನ ತುಟಿ ಮಾತ್ರ ಸಿಕ್ಕಿಕೊಂಡಿರುತ್ತದೆ. ಪರವಾಗಿಲ್ಲ, ರಸೀದಿಯನ್ನಾದರೂ ಬಿಟ್ಟು ಹೋಗುತ್ತವೆ.