ಕಣ್ಣು ನೋವಲ್ಲ ಡಾಕ್ಟ್ರೇ

ಹೋದ ವಾರ ನಾನು ಅರಬ್ಬಿ ದುಭಾಷಿಯಾಗಿ ಕೆಲಸ ಮಾಡುವ ಆಸ್ಪತ್ರೆಗೆ ಇರಾಕಿನಿಂದ ಒಬ್ಬ ಅಜ್ಜಿ ಬಂದಿದ್ದರು. ಮಂಡಿ ಆಪರೇಷನ್‌ಗೆ. ನಾನು ಅವತ್ತು ಅರ್ಧ ಗಂಟೆ ಲೇಟು (ಹೆಬ್ಬಾಳ ಫ್ಲೈಓವರ್, ಇನ್ನೇನು). ಅಷ್ಟರಲ್ಲಿ ಜೂನಿಯರ್ ಡಾಕ್ಟರ್ ಮೊಬೈಲ್ ಆ್ಯಪ್ ಇಟ್ಟುಕೊಂಡು ಮಾತು ಶುರು ಮಾಡಿದ್ದರು. ಅಜ್ಜಿ ಮಾತುಮಾತಿಗೂ "ಐನಿ, ಐನಿ" ಅನ್ನುತ್ತಿದ್ದರು. ಆ್ಯಪ್ ಅದನ್ನು "ನನ್ನ ಕಣ್ಣು" ಅಂತ ತೋರಿಸುತ್ತಿತ್ತು. ನಾನು ಒಳಗೆ ಹೋದಾಗ ಡಾಕ್ಟರ್ ಟಾರ್ಚ್ ಬಿಟ್ಟು ಅಜ್ಜಿಯ ರೆಪ್ಪೆ ಎತ್ತಿ ನೋಡುತ್ತಿದ್ದರು! ಪಾಪ ಅಜ್ಜಿ, ಈ ಊರಲ್ಲಿ ಮಂಡಿ ನೋವಿಗೆ ಹೀಗೇ ನೋಡೋದೇನೋ ಅಂತ ಸುಮ್ನೆ ಕೂತಿದ್ದರು.

ಇರಾಕಿನವರು ಅಕ್ಕರೆಯಿಂದ ಮಾತಾಡಿಸುವಾಗ "ಐನಿ" ಅಂತಾರೆ. ನಾವು ಬಂಗಾರ, ಚಿನ್ನ ಅನ್ನಲ್ವಾ, ಹಾಗೆ. ಅಜ್ಜಿ ಹೇಳಿದ್ದು "ಮಂಡಿ ನೋಯುತ್ತಪ್ಪಾ ಬಂಗಾರ" ಅಂತ, ಅಷ್ಟೇ.

ನಾನು ಎಂಎ ಮಾಡಿದ್ದು ಪಶ್ಚಿಮ ಏಷ್ಯಾ ಅಧ್ಯಯನದಲ್ಲಿ. ಮಿಡ್ಲ್ ಈಸ್ಟ್ ಅಂದರೆ ಬೇಗ ಗೊತ್ತಾಗುತ್ತೆ, ಆದರೆ ಅದು ಲಂಡನ್ನಿನಲ್ಲಿ ಕೂತವರಿಗೆ ಈಸ್ಟ್. ನಮಗೆ ಪಡುವಣ. ಅರಬ್ಬಿ ಸಮುದ್ರದ ಆಚೆ ದಡ. ಸೇರುವಾಗ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಅದನ್ನ ಓದಿ ದುಬೈಗೆ ಹೋಗ್ತೀಯೇನಮ್ಮ?"

ಓದೇನೋ ಚೆನ್ನಾಗಿತ್ತು. 1916ರಲ್ಲಿ ಬ್ರಿಟಿಷರೂ ಫ್ರೆಂಚರೂ ಗುಟ್ಟಾಗಿ ನಕ್ಷೆ ಹರಡಿಕೊಂಡು ಆ ನೆಲವನ್ನು ಹೇಗೆ ಹಂಚಿಕೊಂಡರು, 1973ರಲ್ಲಿ ಅರಬ್ ದೇಶಗಳು ಕಚ್ಚಾ ಎಣ್ಣೆ ಕಳಿಸೋದು ನಿಲ್ಲಿಸಿದಾಗ ಜಗತ್ತು ಹೇಗೆ ಒದ್ದಾಡಿತು, 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಹೇಗಾಯಿತು, ಎಲ್ಲಾ ಓದಿದೆವು. ಇರಾನಿನವರು ಅರಬ್ಬರಲ್ಲ, ಅವರ ಭಾಷೆ ಪರ್ಷಿಯನ್ ಅಂತ ತಿಳಿದದ್ದೂ ಅಲ್ಲೇ. ಉತ್ತರದವರು ನಮ್ಮನ್ನೆಲ್ಲ ಮದ್ರಾಸಿ ಅಂದಾಗ ಹೇಗಾಗುತ್ತೋ, ಅವರನ್ನು ಅರಬ್ಬರು ಅಂದರೆ ಅವರಿಗೂ ಹಾಗೇ.

ಆದರೆ ನಾಲ್ಕು ಸೆಮಿಸ್ಟರ್‌ನಲ್ಲಿ ಅರಬ್ಬಿ ಭಾಷೆ ಇದ್ದದ್ದು ಒಂದೇ ಸೆಮಿಸ್ಟರ್. ಅದೂ ಬೇಕಾದರೆ ತಗೋ, ಬೇಡದಿದ್ದರೆ ಬಿಡು. ಅಕ್ಷರ ತಿದ್ದುವಷ್ಟರಲ್ಲಿ ಪರೀಕ್ಷೆ ಬಂತು. ಉಳಿದದ್ದೆಲ್ಲ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಪೇಪರ್. ಕನ್ನಡದ ಒಂದಕ್ಷರ ಬರದವರು ಕರ್ನಾಟಕದ ರಾಜಕೀಯದ ಮೇಲೆ ಟೀವಿಯಲ್ಲಿ ಪಾಠ ಮಾಡಿದರೆ ನಮಗೆ ಮೈ ಉರಿಯುತ್ತೆ ಅಲ್ವಾ? ನಾವು ಎರಡು ವರ್ಷ ಅದನ್ನೇ ಮಾಡಿದ್ದು.

ಡಿಗ್ರಿ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಫ್ರೇಜರ್ ಟೌನಿನಲ್ಲಿ ಒಬ್ಬ ಮೌಲ್ವಿಗಳ ಹತ್ತಿರ ಸಂಜೆ ಪಾಠಕ್ಕೆ ಹೋದೆ. ಮೂರು ವರ್ಷ. ಅವರು ಕಲಿಸಿದ್ದು ಫುಸ್‌ಹಾ, ಅಂದರೆ ಗ್ರಂಥದ ಅರಬ್ಬಿ, ನ್ಯೂಸ್ ಓದುವ ಅರಬ್ಬಿ. ಮೊದಲ ಸಲ ಬಾಗ್ದಾದಿನ ಹೆಂಗಸೊಬ್ಬರಿಗೆ "ಕೈಫ ಹಾಲುಕಿ" ಅಂತ ಕೇಳಿದೆ. ಅವರು ಗೊಳ್ಳೆಂದು ನಕ್ಕುಬಿಟ್ಟರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳಿಗೆ "ತಾವು ಕುಶಲವೇ?" ಅಂತ ಕೇಳಿದ ಹಾಗಾಗಿತ್ತು. ಇರಾಕಿನಲ್ಲಿ ಹೆಂಗಸರಿಗೆ "ಶ್ಲೋನಿಚ್" ಅನ್ನಬೇಕು. ಬಿಡಿಸಿದರೆ "ನಿನ್ನ ಬಣ್ಣ ಹೇಗಿದೆ" ಅಂತ. ಈಜಿಪ್ಟಿನಲ್ಲಿ "ಇಜ್ಜಯ್ಯಿಕ್". ಸಿರಿಯಾ, ಲೆಬನಾನ್ ಕಡೆ "ಕೀಫಿಕ್". ಧಾರವಾಡ, ಕುಂದಾಪುರ, ಚಾಮರಾಜನಗರದವರನ್ನು ಒಂದೇ ಜಗಲಿಯಲ್ಲಿ ಕೂರಿಸಿ ನೋಡಿ, ಅರ್ಥವಾಗುತ್ತೆ.

ನಮಗೆ ಈ ಭಾಷೆ ಪೂರ್ತಿ ಹೊಸದೂ ಅಲ್ಲ. ತಾಲ್ಲೂಕು ಕಚೇರಿಗೆ ಹೋಗಿ ನಿಂತುಕೊಳ್ಳಿ. ಅರ್ಜಿ, ವಕೀಲ, ಜಿಲ್ಲೆ, ಬಾಕಿ, ಕಾಯಂ, ವಸೂಲಿ ಎಲ್ಲದರ ಬೇರೂ ಅರಬ್ಬಿ. ತಾಲ್ಲೂಕು ಅನ್ನೋದೂ ಅಲ್ಲಿಂದಲೇ ಬಂದದ್ದು. ಜಿಲ್ಲೆಯ ಮೂಲದಲ್ಲಿ ಪಕ್ಕೆಲುಬು ಅನ್ನೋ ಅರ್ಥ ಇದೆ. ರೈತ ಅನ್ನೋ ಮಾತಿನ ಮೂಲದಲ್ಲಿ ಕುರುಬ ಕಾಯುವ ಹಿಂಡು, ಆಮೇಲೆ ರಾಜನ ಪ್ರಜೆ. ಇದು ಗೊತ್ತಾದ ದಿನ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ ನನಗೆ.

ಹಾಗಂತ ಭಾಷೆ ಬಂದರೆ ಸಾಕು, ಉಳಿದದ್ದು ಸುಮ್ನೆ ಅಂತಲ್ಲ. ಅದೇ ಅಜ್ಜಿಯ ಮಗ ಅಡ್ಮಿಷನ್ ಫಾರಂನಲ್ಲಿ ಊರು ಮೋಸುಲ್ ಅಂತ ಬರೆದರು, ವಿಳಾಸ ಎರ್ಬಿಲ್‌ದು ಕೊಟ್ಟರು. ಕೌಂಟರಿನ ಹುಡುಗ "ಎರಡರಲ್ಲಿ ಯಾವುದು ಸರಿ ಸರ್?" ಅಂತ ಕೇಳಿದ. ತಪ್ಪು ಅವನದಲ್ಲ. 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಮೋಸುಲ್ ಹಿಡಿದರು, ಬಿಡಿಸಿಕೊಳ್ಳೋಕೆ 2017ರ ಜುಲೈವರೆಗೂ ಆಯಿತು, ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಎರ್ಬಿಲ್ ಕಡೆಗೆ ಓಡಿದರು ಅಂತ ಅವನಿಗೆ ಯಾರು ಹೇಳಬೇಕು? ಮಗ ಪೆನ್ನು ಹಿಡಿದು ಹಾಗೇ ನಿಂತಿದ್ದರು. ನಾನು ಎರಡೂ ಇರಲಿ ಅಂದೆ. ಆ ಹೊತ್ತಿಗೆ ಉಪಯೋಗಕ್ಕೆ ಬಂದದ್ದು ಆ ಎಂಎ ಓದೇ.

ನನ್ನ ತಕರಾರು ಇಷ್ಟೇ. ಭಾಷೆ, ಚರಿತ್ರೆ ಎರಡನ್ನೂ ಒಂದೇ ಕಡೆ, ಒಂದೇ ತೂಕದಲ್ಲಿ ಕಲಿಸಬೇಕು. ಬೆಂಗಳೂರಿನಂಥ ಊರಿಗೆ ಅದು ಕಷ್ಟ ಅಲ್ಲ. ಯೆಮನ್, ಸುಡಾನ್, ಇರಾನಿನ ಹುಡುಗರು ಇಲ್ಲೇ ಓದುತ್ತಿದ್ದಾರೆ. ಮಾತು ಕಲಿಯೋಕೆ ವಿಮಾನ ಹತ್ತಬೇಕಾಗಿಲ್ಲ, ಚಹಾ ಅಂಗಡಿವರೆಗೆ ಹೋದರೆ ಆಯಿತು. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ನೋಡಿದ್ದೀರಾ? 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಕಾದಾಡಿದ ನಮ್ಮ ಕುದುರೆ ಪಡೆ. ಪಶ್ಚಿಮ ಏಷ್ಯಾದ ಪಾಠ ಅಲ್ಲಿಂದಲೇ ಶುರು ಮಾಡಬಹುದು.

ಇಂಥ ಕೋರ್ಸಿಗೆ ಸೇರಲಾ ಅಂತ ಇನ್‌ಬಾಕ್ಸಿನಲ್ಲಿ ಇಬ್ಬರು ಮೂವರು ಕೇಳಿದ್ದೀರಿ. ಸೇರಿ. ಅದು ಆಫ್ರಿಕಾ ಆಗಲಿ, ಮಧ್ಯ ಏಷ್ಯಾ ಆಗಲಿ. ಆದರೆ ಫೀಸು ಕಟ್ಟುವ ಮುಂಚೆ ಸಿಲಬಸ್ ತೆಗೆದು ಭಾಷೆಗೆ ಎಷ್ಟು ಸೆಮಿಸ್ಟರ್ ಇದೆ ನೋಡಿ. ಒಂದೇ ಇದ್ದರೆ ಸಂಜೆ ಪಾಠಕ್ಕೆ ಮೇಷ್ಟ್ರನ್ನ ಈಗಲೇ ಹುಡುಕಿಕೊಳ್ಳಿ.

ಅಜ್ಜಿ ನಿನ್ನೆ ವಾಕರ್ ಹಿಡಿದು ಕಾರಿಡಾರಿನ ಕೊನೆವರೆಗೂ ನಡೆದರು. ಸೋಮವಾರ ಯೆಮನ್‌ನಿಂದ ಒಬ್ಬರು ಬರುತ್ತಿದ್ದಾರೆ. ಅವರು ಬಂಗಾರಕ್ಕೆ ಏನಂತಾರೋ ಕೇಳಬೇಕು.